ಬಾಯಿಪಾಠ ತಪ್ಪಿದ ಹುಡುಗ

1892ರ ಅಕ್ಟೋಬರ್ ತಿಂಗಳ ನಡುಭಾಗ. ಬೆಳಗಾವಿಯ ರಿಸಾಲ್ದಾರ್ ಗಲ್ಲಿಯಲ್ಲಿದ್ದ ವಕೀಲ ಸದಾಶಿವರಾವ್ ಭಾಟೆಯವರ ಮನೆ ಬಾಗಿಲಿಗೆ ಬೆಳಗಿನ ಆರರ ಸುಮಾರಿಗೆ ಸನ್ಯಾಸಿಯೊಬ್ಬರು ಬಂದು ನಿಂತರು. ಕೈಯಲ್ಲಿ ಕೊಲ್ಲಾಪುರ ಮಹಾರಾಜರ ಖಾಸಗಿ ಕಾರಭಾರಿ ಗೋಳವಲಕರ ಅವರು ಬರೆದುಕೊಟ್ಟ ಒಂದು ಚೀಟಿ. ಬಂದವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸನ್ಯಾಸಿಗಳ ವಿಷಯದಲ್ಲಿ ಆ ಮನೆಯವರಿಗಿದ್ದ ಕಲ್ಪನೆಗೆ ಈ ಅತಿಥಿ ಯಾವ ರೀತಿಯಿಂದಲೂ ಹೊಂದುತ್ತಿರಲಿಲ್ಲ. ಇಂಗ್ಲಿಷ್ ಮಾತನಾಡುತ್ತಿದ್ದರು. ಊಟವಾದ ಮೇಲೆ ಎಲೆ ಅಡಿಕೆ ಕೇಳಿದರು, ಜೊತೆಗೆ ಸ್ವಲ್ಪ ತಂಬಾಕು ಸಿಕ್ಕರೂ ಆದೀತು ಎಂದರು. ಮನೆಯ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾಟೆಯವರ ಮಗ ಆಗ ಶಾಲೆಗೆ ಹೋಗುವ ಹುಡುಗ. ಪಾಣಿನಿಯ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡುತ್ತಿದ್ದ. ಸೂತ್ರಗಳ ಆ ಗ್ರಂಥವನ್ನು ಅರ್ಥವಾಗುವ ಮೊದಲೇ ಕಂಠಸ್ಥ ಮಾಡಿಸುವುದು ಆ ಕಾಲದ ಮನೆತನಗಳ ರೂಢಿ. ಮಗನ ಪಾಂಡಿತ್ಯವನ್ನು ಅತಿಥಿಗೆ ತೋರಿಸಬೇಕೆಂದು ತಂದೆಗೆ ಆಸೆಯಾಯಿತು. ತಂದೆಯರಿಗೆ ಇಂಥ ಆಸೆ ಎಲ್ಲ ಕಾಲದಲ್ಲಿಯೂ ಇದ್ದೇ ಇದೆ. ಹುಡುಗ ಒಪ್ಪಿಸಲು ತೊಡಗಿದ, ನಡುವೆ ತಪ್ಪಿದ. ಅತಿಥಿ ನಗುನಗುತ್ತಲೇ ತಿದ್ದಿದರು. ತಾನು ಕಷ್ಟಪಟ್ಟು ಉರು ಹೊಡೆಯುತ್ತಿದ್ದ ಭಾಗಗಳು ಆ ಸನ್ಯಾಸಿಯ ನಾಲಗೆಯ ತುದಿಯಲ್ಲಿಯೇ ಇದ್ದವೆಂದು ಕಂಡಾಗ ಹುಡುಗನಿಗೆ ದಿಕ್ಕೇ ತೋಚದಂತಾಯಿತು.

ಅತಿಥಿ ಸ್ವಾಮಿ ವಿವೇಕಾನಂದರೆಂಬುದನ್ನು ಓದುಗರು ಇಷ್ಟರಲ್ಲಿ ಊಹಿಸಿರಬಹುದು. ಮುಂದೆ ಪ್ರಾಧ್ಯಾಪಕರಾದ ಆ ಹುಡುಗ, ಜಿ. ಎಸ್. ಭಾಟೆ, ದೊಡ್ಡವರಾದ ಮೇಲೆ ಬರೆದ ನೆನಪುಗಳಲ್ಲಿ ಈ ಪ್ರಸಂಗ ಬರುತ್ತದೆ. ಸ್ವಾಮಿಗಳು ಬೆಳಗಾವಿಯಲ್ಲಿದ್ದದ್ದು ಹನ್ನೆರಡು ದಿನ. ಆ ದಿನಗಳಲ್ಲಿ ಊರಿನ ವಕೀಲರು, ಪಂಡಿತರು, ಅಧಿಕಾರಿಗಳು ಅವರೊಡನೆ ನಡೆಸಿದ ವಾದ-ವಿವಾದಗಳನ್ನು ಭಾಟೆಯವರು ಬರೆದಿದ್ದಾರೆ, ನಿಜ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಈ ತಪ್ಪಿದ ಬಾಯಿಪಾಠವೇ. ಇದಕ್ಕೆ ಎರಡನೆಯ ಕಂತೂ ಒಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಆ ಹುಡುಗ ಬೆಳೆಯುತ್ತಿದ್ದ ಕಾಲ ಯಾವುದು ಎಂದು ಮೊದಲು ನೋಡಬೇಕು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಮೆಟ್ರಿಕ್ಯುಲೇಶನ್ ಎಂಬ ಶಬ್ದ ಹಳ್ಳಿಯ ಕುಲಕರ್ಣಿ ಮನೆಗಳಲ್ಲಿಯೂ ಕೇಳತೊಡಗಿತು. ಪರೀಕ್ಷೆ ದಾಟಿದವನಿಗೆ ಕಚೇರಿ, ಕಚೇರಿಯವನಿಗೆ ಸಂಬಳ, ಸಂಬಳದವನಿಗೆ ಕನ್ಯೆ. ಇದು ಸಾಲದೆಂಬಂತೆ ಶಾಲೆಗಳಿಗೂ ಒಂದು ಕಟ್ಟು ಹಾಕಿದರು. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದಿದ್ದ ಒಂದು ಪದ್ಧತಿಯಂತೆ, ಇನ್‌ಸ್ಪೆಕ್ಟರರ ಎದುರು ಎಷ್ಟು ಮಕ್ಕಳು ಪಾಸಾಗುತ್ತಾರೋ ಅದರ ಲೆಕ್ಕದ ಮೇಲೆ ಶಾಲೆಗೆ ಅನುದಾನ. ಮುಂಬಯಿ ಪ್ರಾಂತ್ಯದ ಅನುದಾನಿತ ಶಾಲೆಗಳಲ್ಲಿಯೂ ಈ ಪದ್ಧತಿ ಬೇರೂರಿತು. ಮಗು ಎಂದರೆ ಇಷ್ಟು ಆಣೆ ಎಂದಾಯಿತು. ಮಾಸ್ತರರು ಮಾಡಬಹುದಾಗಿದ್ದ ಜಾಣತನದ ಕೆಲಸವೆಂದರೆ ಇನ್‌ಸ್ಪೆಕ್ಟರರು ಏನು ಕೇಳುತ್ತಾರೋ ಅದನ್ನಷ್ಟೇ ಉರು ಹೊಡೆಸುವುದು. ಅದನ್ನೇ ಮಾಡಿದರು. ಪರೀಕ್ಷೆಯ ಹಾವಳಿ ಅತಿಯಾಯಿತೆಂದು 1904ರಲ್ಲಿ ಕರ್ಜನ್ ಸರಕಾರವೇ ತನ್ನ ಶಿಕ್ಷಣ ನೀತಿಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಪರೀಕ್ಷೆ ಹಚ್ಚಿದವರೂ ಅವರೇ, ಬೇಸರಪಟ್ಟವರೂ ಅವರೇ.

ಅಂಕಗಳ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಭಾಟೆಯವರ ಮನೆಯ ಅತಿಥಿ ಸ್ವತಃ ಕಲಕತ್ತೆಯ ಬಿ.ಎ. ಪದವೀಧರರು. ಚರಿತ್ರಕಾರರು ಹುಡುಕಿ ತೆಗೆದ ದಾಖಲೆಗಳಂತೆ, ಇಂಗ್ಲಿಷಿನಲ್ಲಿ ಅವರಿಗೆ ಎಫ್.ಎ. ಪರೀಕ್ಷೆಯಲ್ಲಿ ನೂರಕ್ಕೆ 46, ಬಿ.ಎ.ದಲ್ಲಿ 56 ಅಂಕ. ಬೆಳಗಾವಿ ಬಿಟ್ಟು ವರ್ಷ ತುಂಬುವ ಮೊದಲೇ, 1893ರ ಸೆಪ್ಟೆಂಬರಿನಲ್ಲಿ, ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಅವರು ಮಾತನಾಡಿದ್ದು ಅದೇ ಇಂಗ್ಲಿಷಿನಲ್ಲಿ. ನಮ್ಮ ಇಂದಿನ ಯಾವುದಾದರೂ ಟ್ಯೂಷನ್ ಕ್ಲಾಸಿನಲ್ಲಿ 46 ಅಂಕದ ಈ ವಿದ್ಯಾರ್ಥಿಯನ್ನು ಯಾವ ಬೆಂಚಿನ ಮೇಲೆ ಕೂರಿಸುತ್ತಿದ್ದರೋ ಹೇಳಬೇಕಾಗಿಲ್ಲ.

ರಿಸಾಲ್ದಾರ್ ಗಲ್ಲಿಯಲ್ಲಿ ಮೂರು ದಿನ ಇದ್ದ ಮೇಲೆ ಸ್ವಾಮಿಗಳು ಅರಣ್ಯ ಇಲಾಖೆಯ ಅಧಿಕಾರಿ ಹರಿಪದ ಮಿತ್ರರ ಮನೆಗೆ ಹೋದರು. ಮಿತ್ರರು ಬಂಗಾಳಿ, ಬೆಳಗಾವಿ ಕೋಟೆಯಲ್ಲಿ ವಾಸ. ಓದಿದವರು, ಒಳ್ಳೆಯ ಹುದ್ದೆಯವರು, ಆದರೆ ನೆಮ್ಮದಿ ಇಲ್ಲದವರು. ಸದಾ ಒಂದಿಲ್ಲೊಂದು ಔಷಧಿ, ಮೇಲಧಿಕಾರಿಯ ಮೇಲೆ ಸಿಟ್ಟು. ಗೀತೆಯನ್ನು ತೆರೆದು ನೋಡಿ, ಇದರಲ್ಲಿ ತಮಗೆ ಬೇಕಾದದ್ದು ಏನೂ ಇಲ್ಲವೆಂದು ಮುಚ್ಚಿಟ್ಟವರು. ಪದವಿಯೂ ನೌಕರಿಯೂ ಕೈಗೆ ಬಂದ ಮೇಲೆ ಮನುಷ್ಯನಿಗೆ ಇನ್ನೇನು ಉಳಿದಿರುತ್ತದೆ ಎಂದು ಕೇಳುವವರು ಮಿತ್ರರ ನೆನಪುಗಳನ್ನು ಓದಬೇಕು. ಉಳಿದದ್ದೆಲ್ಲ ಉಳಿದೇ ಇತ್ತು.

ಒಂದು ಮಧ್ಯಾಹ್ನ ಸ್ವಾಮಿಗಳು ಮಲಗಿಕೊಂಡು ಪುಸ್ತಕ ಓದುತ್ತ ಗಟ್ಟಿಯಾಗಿ ನಗುತ್ತಿದ್ದರು. ಏನು ವಿಶೇಷವೆಂದು ಮಿತ್ರರು ಬಾಗಿಲ ಬಳಿ ಬಂದು ನಿಂತರು. ಸುಮಾರು ಕಾಲು ಗಂಟೆಯಾದರೂ ಒಳಗಿನವರಿಗೆ ಇವರ ಪರಿವೆಯಿಲ್ಲ. ಕೊನೆಗೆ ಕಣ್ಣಿಗೆ ಬಿದ್ದಾಗ, ಅಷ್ಟು ಹೊತ್ತು ನಿಂತಿದ್ದಿರೇ ಎಂದು ಅಚ್ಚರಿಪಟ್ಟರಂತೆ. ಯಾವ ಕೆಲಸ ಹಿಡಿದರೂ ಇಡೀ ಮನಸ್ಸು ಅದರಲ್ಲಿಯೇ ಇರಬೇಕೆಂದು ಹೇಳಿ, ಗಾಜೀಪುರದ ಪವಹಾರಿ ಬಾಬಾರ ಮಾತು ತೆಗೆದರು. ಪೂಜೆ-ಧ್ಯಾನಗಳಲ್ಲಿ ಎಷ್ಟು ಮನಸ್ಸಿಡುತ್ತಿದ್ದರೋ ತಮ್ಮ ಹಿತ್ತಾಳೆ ಚೊಂಬನ್ನು ತಿಕ್ಕುವುದರಲ್ಲಿಯೂ ಅಷ್ಟೇ ಮನಸ್ಸಿಡುತ್ತಿದ್ದ ಸಾಧು ಅವರು. ಚೊಂಬು ಬಂಗಾರದಂತೆ ಹೊಳೆಯುತ್ತಿತ್ತಂತೆ.

ಇನ್ನೊಮ್ಮೆ ಡಿಕನ್ಸನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯ ಎರಡು ಮೂರು ಪುಟಗಳನ್ನು ನೋಡದೆಯೇ ಹೇಳಿಬಿಟ್ಟರು. ಸನ್ಯಾಸಿಗೆ ಇಂಥ ಲೌಕಿಕ ಪುಸ್ತಕ ಬಾಯಿಗೆ ಬರಬೇಕಾದರೆ ಎಷ್ಟು ಸಲ ಓದಿರಬೇಕೆಂದು ಮಿತ್ರರಿಗೆ ಕುತೂಹಲ. ಎರಡೇ ಸಲ ಎಂಬುದು ಉತ್ತರ, ಶಾಲೆಯಲ್ಲಿದ್ದಾಗ ಒಮ್ಮೆ, ಐದಾರು ತಿಂಗಳ ಹಿಂದೆ ಮತ್ತೊಮ್ಮೆ. ಈ ಕಥೆಯನ್ನು ನಮ್ಮ ಶಾಲಾ ಸಮಾರಂಭಗಳಲ್ಲಿ ನೆನಪಿನ ಶಕ್ತಿಯ ಪವಾಡವೆಂದು ಹೇಳುತ್ತಾರೆ. ಪರೀಕ್ಷೆಗೆ ಉಪಯೋಗವಾದೀತು ಎಂಬ ಒಳ ಆಸೆಯೂ ಹೇಳುವವರಿಗೆ ಇದ್ದಂತೆ ತೋರುತ್ತದೆ. ಆದರೆ ಚೊಂಬಿನ ಕಥೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ನೆನಪಿನ ಕಥೆಯಲ್ಲ, ಗಮನದ ಕಥೆ. ಆ ಪುಟಗಳನ್ನು ಅವರು ಉರು ಹೊಡೆದಿರಲಿಲ್ಲ. ನಕ್ಕು ಓದಿದ್ದರು, ಅವು ಉಳಿದವು.

ಮಿತ್ರರ ಔಷಧಿಗಳ ಚಟವನ್ನೂ ಮೇಲಧಿಕಾರಿಯ ಮೇಲಿನ ಸಿಟ್ಟನ್ನೂ ಬಿಡಿಸಿದ್ದು ಉಪದೇಶದಿಂದಲ್ಲ, ಹರಟೆಯಿಂದ. ಗೀತೆಯನ್ನು ಅವರ ದಿನದ ಬದುಕಿಗೆ ಹಚ್ಚಿ ಹೇಳಿದರು. ಮುಚ್ಚಿಟ್ಟ ಪುಸ್ತಕ ಆಗ ತೆರೆಯಿತು ಎಂಬ ಅರ್ಥದಲ್ಲಿ ಮಿತ್ರರು ಬರೆಯುತ್ತಾರೆ. ಅಕ್ಟೋಬರ್ 25ರಂದು ಪತಿ-ಪತ್ನಿ ಇಬ್ಬರೂ ದೀಕ್ಷೆ ಪಡೆದರು.

ವಾದಕ್ಕೆ ಬಂದವರ ಜೊತೆಗೂ ಅದೇ ಧಾಟಿ. ಊರಿನ ಒಬ್ಬ ಎಕ್ಸಿಕ್ಯೂಟಿವ್ ಎಂಜಿನಿಯರರು, ಆಚಾರದಲ್ಲಿ ಕಟ್ಟಾ ಸಂಪ್ರದಾಯಸ್ಥರು, ವಿಚಾರದಲ್ಲಿ ಕಟ್ಟಾ ನಾಸ್ತಿಕರು, ತಾಳ್ಮೆಗೆಟ್ಟು ಒರಟಾಗಿ ಮಾತನಾಡಿದಾಗ ಭಾಟೆಯವರು ಅಡ್ಡ ಬಂದರು. ಸ್ವಾಮಿಗಳು ನಕ್ಕು ತಡೆದರು. ಕುದುರೆ ಪಳಗಿಸುವವನು ಮೊದಲು ಮರಿಯ ಬೆನ್ನೇರಿ ಗಟ್ಟಿಯಾಗಿ ಕೂರುತ್ತಾನೆ, ಅದು ಎಗರಾಡಿ ದಣಿದ ಮೇಲೆಯೇ ಅವನ ಪಾಠ ಆರಂಭ ಎಂಬ ಹೋಲಿಕೆಯನ್ನು ಅವರು ಆಗ ಹೇಳಿದರಂತೆ. ಹದಿನೈದು-ಹದಿನಾರು ವರ್ಷದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಟೋಬರ್ 27ರಂದು ಮಿತ್ರರು ಮರ್ಮಗೋವಾಕ್ಕೆ ಟಿಕೀಟು ತೆಗೆಸಿ ಸ್ವಾಮಿಗಳನ್ನು ರೈಲಿಗೆ ಹತ್ತಿಸಿದರು. ಬೆಳಗಾವಿಗೆ ಹಳಿ ಬಂದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಗೋವೆಯ ಗಾಡಿ ಖಾನಾಪುರದ ಮೇಲೆ ಹಾಯ್ದು, ಲೋಂಡಾ ದಾಟಿ, ಕ್ಯಾಸಲ್‌ರಾಕಿನ ಘಟ್ಟ ಇಳಿಯುತ್ತಿತ್ತು. ದಾರಿ ಇಂದಿಗೂ ಅದೇ. ಅಂದರೆ ಖಾನಾಪುರದ ಕೆಂಪು ಮಣ್ಣೂ ಕಾಡೂ ಆ ದಿನ ಅವರ ಕಿಟಕಿಯ ಆಚೆ ಸರಿದಿರಬೇಕು.

ಇಂದು ಬೆಳಗಿನ ಹೊತ್ತು ಅದೇ ಖಾನಾಪುರದಿಂದ ಬೆಳಗಾವಿಯ ಕಡೆಗೆ ಬರುವ ಬಸ್ಸುಗಳಲ್ಲಿ ಪಾಸು ಹಿಡಿದ ವಿದ್ಯಾರ್ಥಿಗಳೇ ತುಂಬಿರುತ್ತಾರೆ. ಕನ್ನಡ, ಮರಾಠಿ ಎರಡೂ ಬಾಯಲ್ಲಿ ಸಲೀಸು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಊರ ಪಕ್ಕದಲ್ಲೇ ಹರಿಯುತ್ತಾಳೆ. ಕದಂಬರ ಹಲಸಿ ಇದೇ ತಾಲೂಕಿನಲ್ಲಿದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವೂ ಇಲ್ಲಿಯದೇ. ಇವೆಲ್ಲ ಇತಿಹಾಸದ ಪುಸ್ತಕದಲ್ಲಿ ಒಂದೊಂದು ಅಂಕದ ಪ್ರಶ್ನೆಗಳು. ಪುಸ್ತಕದಲ್ಲಿ ಇಲ್ಲದ್ದು ಮಣ್ಣು. ಖಾನಾಪುರದ ಹೆಂಚು, ಇಟ್ಟಿಗೆ, ಮಡಕೆಗಳ ಹೆಸರು ದೂರದವರೆಗೆ ಹೋಗಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಗ್ರಾಮ ಕುಂಬಾರಿಕೆಯ ತನ್ನ ಕೇಂದ್ರೀಯ ಸಂಸ್ಥೆಯನ್ನು ನಡೆಸಲು ಆರಿಸಿಕೊಂಡದ್ದು ಈ ಊರನ್ನೇ. ತಿಗರಿಯ ಮುಂದೆ ಮೊದಲ ಸಲ ಕುಳಿತ ಹುಡುಗನನ್ನು ನೋಡಿದವರಿಗೆ ಗೊತ್ತು, ಮಣ್ಣಿನ ಮುದ್ದೆ ನಟ್ಟನಡುವೆ ಕೂರುವವರೆಗೆ ಗಡಿಗೆ ಮೇಲೇಳುವುದಿಲ್ಲ. ಕಲಿಸುವವನು ಹುಡುಗನ ಕೈ ಹಿಡಿದು ತೋರಿಸಬಲ್ಲನೇ ಹೊರತು ನಡು ಎಲ್ಲಿದೆಯೆಂದು ಹುಡುಗನ ಬೆರಳಿಗೇ ತಿಳಿಯಬೇಕು. ನಕಲು ಮಾಡಲಿಕ್ಕೆ ಅಲ್ಲಿ ಪಕ್ಕದವನ ಉತ್ತರ ಪತ್ರಿಕೆ ಇರುವುದಿಲ್ಲ.

ಈ ಮಾತನ್ನು ಇಡೀ ದೇಶದ ಶಿಕ್ಷಣಕ್ಕೆ ಹಚ್ಚಿ ನೋಡಿದವರು ಗಾಂಧೀಜಿ. 1937ರಲ್ಲಿ ವಾರ್ಧಾದಲ್ಲಿ ಮಂಡಿಸಿ, ಜಾಕಿರ್ ಹುಸೇನರ ಸಮಿತಿ ರೂಪ ಕೊಟ್ಟ ಮೂಲ ಶಿಕ್ಷಣದ ಯೋಜನೆಯಲ್ಲಿ ಏಳು ವರ್ಷದ ಕಲಿಕೆ, ಅದೂ ತಾಯ್ನುಡಿಯಲ್ಲಿ, ಒಂದು ಕೈಕಸುಬಿನ ಸುತ್ತ. ಯೋಜನೆ ಸೋತಿತು. ಕಾರಣ ಹಲವು. ನನಗೆ ಮುಖ್ಯವಾಗಿ ಕಾಣುವುದು ಇದು: ಕಸುಬಿನ ಶಾಲೆ ಬಡವರ ಮಕ್ಕಳಿಗೆ, ಪರೀಕ್ಷೆಯ ಶಾಲೆ ಸಾಹೇಬರ ಮಕ್ಕಳಿಗೆ ಎಂದು ಬಡವರಿಗೂ ತಿಳಿದುಹೋಗಿತ್ತು. ಚರಕದಿಂದ ಮಾಮಲೇದಾರನಾದವನನ್ನು ಯಾರೂ ನೋಡಿರಲಿಲ್ಲ.

ಅದೇ ಗಾಂಧೀಜಿ ಅದಕ್ಕೂ ಮೊದಲು, 1924ರ ಡಿಸೆಂಬರಿನಲ್ಲಿ, ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಬಂದಿದ್ದರು. ಅವರು ಅಧ್ಯಕ್ಷತೆ ವಹಿಸಿದ್ದು ಅದೊಂದೇ ಅಧಿವೇಶನಕ್ಕೆ. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಧಾರವಾಡದ ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ಊಟದ ಪಂಕ್ತಿಯಲ್ಲಿ ತನ್ನ ಜಾತಿಯ ಕಾರಣಕ್ಕೆ ಏನಾದೀತೋ ಎಂಬ ಅಳುಕು ಆಗ ತನ್ನನ್ನು ಕಾಡಿತ್ತೆಂದು ಆಕೆ ಮುಂದೆ ಹೇಳಿಕೊಂಡದ್ದುಂಟು. ಶಾಲೆಯ ಓದು ಐದನೆಯ ಇಯತ್ತೆಗೆ ನಿಂತಿತು. ಆಕೆಯ ಹೆಸರು ಗಂಗೂಬಾಯಿ ಹಾನಗಲ್.

ಅದೇ 1924ರ ಏಪ್ರಿಲ್ 8ರಂದು ಬೆಳಗಾವಿ ನಗರದ ಮಗ್ಗುಲಿನ ಸುಳೇಭಾವಿಯಲ್ಲಿ ಒಬ್ಬ ಹುಡುಗ ಹುಟ್ಟಿದ್ದ, ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಈತನ ಕಥೆ ಭಾಟೆಯವರ ಮಗನ ಕಥೆಯ ತಿರುವುಮುರುವು. ಈತನಿಗೆ ಬಾಯಿಪಾಠ ತಪ್ಪುತ್ತಲೇ ಇರಲಿಲ್ಲ. ಗ್ರಾಮಫೋನಿನಲ್ಲಿ ಕೇಳಿದ ದೊಡ್ಡ ದೊಡ್ಡ ಗವಾಯಿಗಳ ಹಾಡನ್ನು ಆಲಾಪ, ತಾನುಗಳ ಸಮೇತ ಹಾಗೆಯೇ ಒಪ್ಪಿಸುತ್ತಿದ್ದ. ಮಠದ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂದು ಕರೆದರು. ಹನ್ನೊಂದರ ಆಸುಪಾಸಿನಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ದೇಶದ ಗಮನ ಸೆಳೆದ. ಅಂಕಗಳ ಭಾಷೆಯಲ್ಲಿ ಹೇಳುವುದಾದರೆ ನೂರಕ್ಕೆ ನೂರು. ಇಷ್ಟಕ್ಕೇ ನಿಂತಿದ್ದರೆ ಇಂದು ಆ ಹೆಸರು ಯಾರಿಗೆ ನೆನಪಿರುತ್ತಿತ್ತೋ ಏನೋ, ಬಾಲಪ್ರತಿಭೆಗಳ ಪಟ್ಟಿ ಉದ್ದವಿದೆ.

ಹುಡುಗನನ್ನು ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಶಾಲೆಗೆ ಸೇರಿಸಿದರು. ಒಂದೇ ಘರಾಣೆಯ ಗೋಡೆಯೊಳಗೆ ಕೂತು ಕಲಿಸುವ ಗುರು ಅವರಲ್ಲ. ಹಲವು ಘರಾಣೆಗಳ ಗವಾಯಿಗಳು ಅಲ್ಲಿಗೆ ಬರುತ್ತಿದ್ದರು, ಹಾಡುತ್ತಿದ್ದರು. ಹಾಡುವುದಷ್ಟೇ ಅಲ್ಲ, ಹೀಗೇಕೆ ಹಾಡಬೇಕು ಎಂದು ಕೇಳುವುದಕ್ಕೂ ಅಲ್ಲಿ ಅವಕಾಶವಿತ್ತು. ಆಮೇಲೆ ಬಂದದ್ದು ಕ್ಷಯ. 1948ರ ಆರಂಭದಲ್ಲಿ ಮಾಳವ ಪ್ರಾಂತ್ಯದ ದೇವಾಸಕ್ಕೆ ಹೋದ ಇಪ್ಪತ್ತಮೂರರ ಗಾಯಕನಿಗೆ ಹಾಡಕೂಡದು ಎಂದು ವೈದ್ಯರ ಅಪ್ಪಣೆ. ಸುಮಾರು ಐದು ವರ್ಷ ಹಾಸಿಗೆ. ಹಾಡಬಾರದು ಎಂದರೆ ಕೇಳಬಹುದಷ್ಟೆ. ಮನೆಯ ಆಸುಪಾಸಿನ ಹೆಂಗಸರ ಹಾಡು, ಬೀದಿಯಲ್ಲಿ ಹಾಯ್ದು ಹೋಗುವವರ ಭಜನೆ ಇವನ್ನು ಕೇಳುತ್ತ ಮಲಗಿದರು. ರಾಗಗಳ ಬೇರು ಈ ಲೋಕಗೀತೆಗಳಲ್ಲಿದೆ ಎಂಬುದು ಅಲ್ಲಿ ಹೊಳೆಯಿತು. ಹೊಸ ಔಷಧಿಗಳಿಂದ ಗುಣವಾಗಿ ಎದ್ದಾಗ ಒಂದು ಪುಪ್ಪುಸ ಹೆಚ್ಚೂಕಡಿಮೆ ನಿರುಪಯುಕ್ತ, ಉದ್ದನೆಯ ಉಸಿರು ಸಾಧ್ಯವಿಲ್ಲ. ಸಣ್ಣ ಉಸಿರಿಗೆ ಹೊಂದುವ ಗಾಯನವನ್ನು ಅವರೇ ಕಟ್ಟಿಕೊಂಡರು. ಎಲ್ಲರಂತೆ ಹಾಡಬಲ್ಲ ಹುಡುಗ ಯಾರಂತೆಯೂ ಅಲ್ಲದ ಗಾಯಕನಾದ. ಅದಕ್ಕೆ ಇಪ್ಪತ್ತು ವರ್ಷ ಬೇಕಾಯಿತು, ಮತ್ತು ಅವಸರ ಮಾಡದ ಒಬ್ಬ ಗುರು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭವಾಗಿ ಮುಗಿಯುತ್ತದೆ, ಆದರೆ ಅದು ಅನ್ಯಾಯ. ಅಂಕ ಬೇಡ, ಒಳಗಣ್ಣು ತೆರೆಯಲಿ ಎಂದು ಹೇಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ವಕೀಲರ ಮಗ ಒಂದು ಸೂತ್ರ ತಪ್ಪಿದರೂ ಮನೆ ಮುಳುಗುತ್ತಿರಲಿಲ್ಲ. ಖಾನಾಪುರದ ಕಾಡಂಚಿನ ಹಳ್ಳಿಯಿಂದ ನಡೆದು ಬಂದು ಬಸ್ಸು ಹತ್ತುವ ಹುಡುಗಿಗೆ ಅಂಕಪಟ್ಟಿಯೇ ಆಸ್ತಿ. ಬೇರೆ ಹೊಲ ಮನೆ ಇರುವುದಿಲ್ಲ. ಈ ಮಾತನ್ನು ಬೆಳಗಾವಿಯಷ್ಟು ಚೆನ್ನಾಗಿ ತಿಳಿದ ಊರು ಕಡಿಮೆ. 1916ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ಒಕ್ಕಲು ಮಕ್ಕಳೂ ಆ ಪರೀಕ್ಷೆಯ ಬಾಗಿಲು ದಾಟಲೆಂದೇ. 1930ರ ದಶಕದಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ತೆರೆದ ಉಚಿತ ಪ್ರಸಾದ ನಿಲಯ ಇಲ್ಲದೆ ಹೋಗಿದ್ದರೆ ಎಷ್ಟೋ ಹಳ್ಳಿಯ ಮಕ್ಕಳ ಕಾಲೇಜು ಓದು ಕನಸಾಗಿಯೇ ಉಳಿಯುತ್ತಿತ್ತು.

ಘೋಡಗೇರಿಯ ಚಂದ್ರಶೇಖರ ಕಂಬಾರರನ್ನೇ ನೋಡಿ. ಬಡತನದಿಂದ ಓದು ನಿಲ್ಲುವುದರಲ್ಲಿತ್ತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈ ಹಿಡಿದರು. ಹುಡುಗ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಬಂದ. ಅಲ್ಲಿ ಪದವಿ ಸಿಕ್ಕಿತು. ಊರಿನ ಬಯಲಾಟ, ಲಾವಣಿಗಳನ್ನು ಯಾವ ಪಠ್ಯಕ್ರಮವೂ ಕೇಳಲಿಲ್ಲ, ಅವನ್ನು ಆತ ಒಳಗೇ ಇಟ್ಟುಕೊಂಡು ಬಂದಿದ್ದ. 2011ರಲ್ಲಿ ಜ್ಞಾನಪೀಠದ ಸುದ್ದಿ ಬಂದದ್ದು ಆ ಎರಡನೆಯ ಗಂಟಿಗೆ. ಮೊದಲನೆಯ ಗಂಟು ಇಲ್ಲದಿದ್ದರೆ ಎರಡನೆಯದನ್ನು ಬಿಚ್ಚುವ ಜಾಗ ಸಿಗುತ್ತಿತ್ತೇ ಎಂಬುದೂ ಅಷ್ಟೇ ನಿಜವಾದ ಪ್ರಶ್ನೆ.

ಇನ್ನು ನಮ್ಮ ಪತ್ರಿಕೆಯವರ ಪಾಲನ್ನೂ ಹೇಳಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾವು ವರದಿಗಾರರು 625ಕ್ಕೆ ಹತ್ತಿರ ಬಂದ ಮಕ್ಕಳ ಮನೆ ಹುಡುಕಿಕೊಂಡು ಹೋಗುತ್ತೇವೆ. ತಾಯಿ ಮಗಳ ಬಾಯಿಗೆ ಕುಂದಾ ಇಡುವ ಚಿತ್ರ ತೆಗೆಯಬೇಕು. ದಿನಕ್ಕೆ ಎಷ್ಟು ತಾಸು ಓದುತ್ತಿದ್ದಿ, ಮುಂದೆ ಏನಾಗುತ್ತಿ, ಈ ಎರಡೇ ಪ್ರಶ್ನೆ. ಓದಿದ್ದರಲ್ಲಿ ಯಾವುದು ಇಷ್ಟವಾಯಿತು ಎಂದು ನಾನೂ ಕೇಳಿದವನಲ್ಲ. ಮರುದಿನ ಜಿಲ್ಲೆಗಳ ಸ್ಥಾನಪಟ್ಟಿ ಅಚ್ಚಾಗುತ್ತದೆ. ನಮ್ಮ ಜಿಲ್ಲೆ ಏರಿತೋ ಇಳಿಯಿತೋ ಎಂದು ಚರ್ಚೆ. 19ನೇ ಶತಮಾನದ ಇನ್‌ಸ್ಪೆಕ್ಟರ್ ಸಾಹೇಬರ ಕುದುರೆ ಗಾಡಿ ಇನ್ನೂ ಓಡುತ್ತಿದೆ ಎಂದು ಅನಿಸುತ್ತದೆ.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಎಲ್ಲವೂ ಪರೀಕ್ಷೆಯ ಕಾರಣದಿಂದಲ್ಲ. ಆದರೆ ನಪಾಸಾದೆನೆಂದು ಮನೆಗೆ ಹೋಗಿ ಹೇಳಲಾರದೆ ಹೋದ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ. ಆ ಸುದ್ದಿಗಳು ನಮ್ಮಲ್ಲಿ ಒಳಪುಟದಲ್ಲಿ, ಒಂದೇ ಕಾಲಮ್ಮಿನಲ್ಲಿ ಬರುತ್ತವೆ.

ಬೆಳಗಾವಿಯ ಎಸ್. ಮಹಾದೇವ ಆಂಡ್ ಸನ್ ಸ್ಟುಡಿಯೊದಲ್ಲಿ ಆ ಅಕ್ಟೋಬರಿನಲ್ಲೇ ತೆಗೆದ ಸ್ವಾಮಿಗಳ ಛಾಯಾಚಿತ್ರಗಳು ಉಳಿದುಬಂದಿವೆ. ಮಿತ್ರರು ಬಹಳ ಒತ್ತಾಯ ಮಾಡಿದ ಮೇಲೆ ಒಪ್ಪಿ ನಿಂತದ್ದು. ನಮ್ಮ ಶಾಲೆಗಳ ಗೋಡೆಗಳ ಮೇಲೆಯೂ ಸ್ವಾಮಿಗಳ ಪಟವಿರುತ್ತದೆ. ಅದರ ಕೆಳಗೆ ಶಿಕ್ಷಣದ ಬಗ್ಗೆ ಅವರು ಹೇಳಿದ ಆ ಪ್ರಸಿದ್ಧ ಮಾತು, ಅದಕ್ಕೂ ಕೆಳಗೆ ಕಳೆದ ವರ್ಷದ ಶೇಕಡಾವಾರು ಫಲಿತಾಂಶ.

ಈಗ ಮೊದಲು ಹೇಳಿದ ಎರಡನೆಯ ಕಂತು. ಅಷ್ಟಾಧ್ಯಾಯಿಯಲ್ಲಿ ತಪ್ಪಿದ ಮೇಲೆ, ಇನ್ನೊಂದು ಸಂದರ್ಭದಲ್ಲಿ ತಂದೆ ಅಮರಕೋಶದ ಒಂದು ಭಾಗವನ್ನು ಹೇಳಿಸಲು ಹೊರಟರು. ಹುಡುಗನಿಗೆ ಅದು ಪೂರ್ತಿ ಬರುತ್ತದೆಂಬ ಧೈರ್ಯವಿರಲಿಲ್ಲ. ಅತಿಥಿಯ ಎದುರು ಮತ್ತೊಮ್ಮೆ ಎಡವುವುದೂ ಬೇಡವಾಗಿತ್ತು. ಹೇಗೋ ತಡವರಿಸಿ ದಾಟಿಸಬಹುದಿತ್ತು. ದಾಟಿಸಲಿಲ್ಲ. ತನಗೆ ಬರುವುದಿಲ್ಲ ಎಂದು ನೇರವಾಗಿ ಹೇಳಿಬಿಟ್ಟ. ತಂದೆಗೆ ಸಿಟ್ಟು ಬಂತು. ಆ ಸಿಟ್ಟು ಒಂದು ಗಳಿಗೆಯದು, ಅದನ್ನು ತಡೆದುಕೊಳ್ಳಬಹುದು ಎಂದು ಹುಡುಗ ಆಗಲೇ ಲೆಕ್ಕ ಹಾಕಿಕೊಂಡಿದ್ದ.